ಊಟ ಬಲ್ಲವನ ರೋಗ



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಇದನ್ನು ವಿಸ್ತರಿಸಿ ಬರೆಯಿರೆಂದು ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಎಷ್ಟು ಸಲ ಹೇಳಿದ್ದೇನೆಯೋ ಲೆಕ್ಕವಿಲ್ಲ. ಮಿತವಾಗಿ ಉಣ್ಣಬೇಕು, ಹಿತವಾಗಿ ನುಡಿಯಬೇಕು ಎಂದು ಬರೆದವರಿಗೆ ಪೂರ್ಣ ಅಂಕ. ಸುಮಾರು ಹದಿನೈದು ವರ್ಷಗಳ ಹಿಂದೆ ಹುಡುಗನೊಬ್ಬ ಈ ಪ್ರಶ್ನೆಯೊಂದನ್ನೇ ಬಿಟ್ಟು ಮಿಕ್ಕ ಎಲ್ಲಕ್ಕೂ ಉತ್ತರ ಬರೆದಿದ್ದ. ಚೆನ್ನಾಗಿ ಓದುವ ಹುಡುಗ. ಸೋಮಾರಿತನವೆಂದು ಗದರಿಸಿ ಸೊನ್ನೆ ಹಾಕಿದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು ಬಾಯಿ ಬಿಡಲಿಲ್ಲ.

ಹೋದ ವರ್ಷದ ದಸರಾ ರಜೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದ. ಈಗ ಮೂವತ್ತರ ಗೃಹಸ್ಥ. ಬೆಂಗಳೂರಿನಲ್ಲಿ ಜಾಲತಾಣಗಳನ್ನು ಕಟ್ಟುವ ಉದ್ಯೋಗ. ನನ್ನ ಮನೆಯಾಕೆ ತಟ್ಟೆಯಲ್ಲಿ ಉಪ್ಪಿಟ್ಟು, ಮೈಸೂರುಪಾಕು ತಂದಿಟ್ಟಳು. ಅವನು ಅದನ್ನು ಒಂದು ಕ್ಷಣ ನಿಟ್ಟಿಸಿ ನೋಡಿ, ಮನಸ್ಸಿನಲ್ಲಿಯೇ ಏನೋ ಲೆಕ್ಕ ಹಾಕಿ, ಚೀಲದಿಂದ ಲೇಖನಿಯಂಥದೊಂದನ್ನು ತೆಗೆದು ಅಂಗಿಯಂಚನ್ನು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡ. “ಇನ್ಸುಲಿನ್ ಸಾರ್. ಹನ್ನೆರಡನೆಯ ವಯಸ್ಸಿನಿಂದ ಇದೆ. ನೀವು ಆ ಗಾದೆ ಕೊಟ್ಟ ದಿನ ನಾನು ಏನೆಂದು ಬರೆಯಬೇಕಿತ್ತು, ಹೇಳಿ” ಎಂದು ನಗುತ್ತ ಕೇಳಿದ. ನನಗೆ ನಗು ಬರಲಿಲ್ಲ.

ಸಕ್ಕರೆ ಕಾಯಿಲೆ ಎಂದೊಡನೆ ಅತಿಯಾಗಿ ಸಿಹಿ ತಿಂದದ್ದರ ಫಲವೆಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಇವನದು ಮೊದಲನೆಯ ಬಗೆಯ ಮಧುಮೇಹ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಉಂಡದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಗುಣವಾಗುವ ರೋಗವಲ್ಲ. ಬದುಕಿರುವ ತನಕ ಇನ್ಸುಲಿನನ್ನು ಹೊರಗಿನಿಂದ ಕೊಡುತ್ತಲೇ ಇರಬೇಕು. ಆ ಮನೆಯವರು ಇದನ್ನು ಶಾಲೆಗೆ ತಿಳಿಸಿರಲಿಲ್ಲ. ‘ನಾಲ್ಕು ಜನಕ್ಕೆ ತಿಳಿದರೆ ಮುಂದೆ ಹೆಣ್ಣು ಕೊಡುವವರು ಯಾರು?’ ಎಂಬ ಭಯ.

ನನ್ನ ಶಿಷ್ಯ ಎರಡು ದಾನಗಳಿಂದ ಬದುಕಿದ್ದಾನೆ ಎನ್ನಬಹುದು. ಇನ್ಸುಲಿನ್ 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರ ಪ್ರಯೋಗದಿಂದ ದೊರಕಿತು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲು ಕೊಟ್ಟರು. ಅದಕ್ಕೆ ಹಿಂದೆ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. 1923ರಲ್ಲಿ ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಇನ್ನೊಂದು ದಾನ ಅವನ ಕಸುಬಿನದು. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ರೂಪಿಸಿದ ವಿಶ್ವವ್ಯಾಪಿ ಜಾಲವನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು.

ಕಸುಬು ಎಂಥದೆಂದು ಕೇಳಿದೆ. ಪುಟದ ಕಟ್ಟಡಕ್ಕೆ ಎಚ್‌ಟಿಎಂಎಲ್, ಅಲಂಕಾರಕ್ಕೆ ಸಿಎಸ್‌ಎಸ್, ಚಲನವಲನಕ್ಕೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಗಳಂತೆ. “ನಿಮ್ಮ ಶಬ್ದಮಣಿದರ್ಪಣದ ಹಾಗೆ ಇವಕ್ಕೂ ಸೂತ್ರಗಳುಂಟು ಸಾರ್. ಒಂದು ಆವರಣ ಚಿಹ್ನೆ ತಪ್ಪಿದರೆ ಪುಟವೇ ನಿಂತುಹೋದೀತು” ಎಂದ. ಮಾಡಿದ ತಿದ್ದುಪಡಿಗಳನ್ನೆಲ್ಲ ದಾಖಲಿಸಿಡುವ ಗಿಟ್ ಎಂಬ ಸಾಧನವೂ ಇದೆ, 2005ರಿಂದ ಬಳಕೆಯಲ್ಲಿದೆ. ಇವತ್ತು ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು.

“ದೇಹಕ್ಕೆ ಆ ಅನುಕೂಲವಿಲ್ಲ ಸಾರ್. ಅದೇ ಊಟ, ಅದೇ ಮದ್ದು. ನಿನ್ನೆ 120, ಇವತ್ತು 220. ಗಣಕದಲ್ಲಿ ಹೀಗಾದರೆ ತಪ್ಪನ್ನು ಹುಡುಕಿ ಹಿಡಿಯುತ್ತೇನೆ. ದೇಹದಲ್ಲಿ ಹುಡುಕಿದಷ್ಟೂ ನಾನೇ ತಪ್ಪಿತಸ್ಥನೆನ್ನಿಸುತ್ತದೆ. ನಿದ್ದೆಗೆಟ್ಟರೆ ಏರುತ್ತದೆ, ಚಿಂತೆಗೆ ಏರುತ್ತದೆ, ನಡೆದರೆ ಇಳಿಯುತ್ತದೆ. ಕೆಲಸ ಮುಗಿಸಬೇಕಾದ ದಿನ ಹತ್ತಿರ ಬಂದಂತೆ ಈ ಮೂರೂ ಸೇರಿಕೊಳ್ಳುತ್ತವೆ.”

ಆ ಮಾತನ್ನು ಕೇಳಿದಾಗ ನನಗೊಂದು ವಿಷಯ ಹೊಳೆಯಿತು. ಒಂದು ಇಡ್ಲಿಯಲ್ಲಿ, ಒಂದು ಸೌಟು ಅನ್ನದಲ್ಲಿ ಪಿಷ್ಟ ಎಷ್ಟೆಂದು ಇವನು ಬಾಯಿಪಾಠ ಹೇಳಬಲ್ಲ. ಇವನಿಗಿಂತ ಊಟ ಬಲ್ಲವರು ಯಾರು? ಆದರೂ ರೋಗ ಇದ್ದೇ ಇದೆ.

ಐದು ವರ್ಷಗಳ ಹಿಂದೆ, ಆಗ ಅವನಿದ್ದ ಕಂಪನಿಯಲ್ಲಿ ಒಂದು ಜಾಲತಾಣವನ್ನು ಬೆಳಗಾಗುವುದರೊಳಗೆ ಲೋಕಾರ್ಪಣೆ ಮಾಡಬೇಕಾಗಿತ್ತು. ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟಕ್ಕೆ ಏಳಲು ಬಿಡುವಾಗಲಿಲ್ಲ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಅಪಾಯದ ಮುನ್ಸೂಚನೆ. 54ಕ್ಕಿಂತ ಇಳಿದರೆ ಬುದ್ಧಿಯೇ ಮಂಕಾಗುತ್ತದೆ. ಅವನ ಕೈ ನಡುಗಿತು, ಮೈ ಬೆವರಿತು, ಮಾತು ತೊದಲಿತು. ಮೇಲಧಿಕಾರಿ ಕುಡಿದು ಬಂದಿದ್ದಾನೆಂದು ತಿಳಿದು, ಎಲ್ಲರ ಮುಂದೆ ‘ಮನೆಗೆ ಹೋಗು’ ಎಂದರಂತೆ. ರೋಗವನ್ನು ಯಾರಿಗೂ ಹೇಳಿರಲಿಲ್ಲವಾದ್ದರಿಂದ ಅಲ್ಲಿದ್ದವರಿಗೆ ಬೇರೆ ಅರ್ಥ ತೋರಲಿಲ್ಲ. ಕಾವಲುಗಾರನೊಬ್ಬ ತನ್ನ ತಾಯಿಯ ಅನುಭವದಿಂದ ಗುರುತಿಸಿ, ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸಿದ. ಕಾಲು ಗಂಟೆಯಲ್ಲಿ ಮನುಷ್ಯ ಮೊದಲಿನಂತಾದ.

ಮರುದಿನ ಅವನು ಎಲ್ಲವನ್ನೂ ಬರೆದು ತಿಳಿಸಿದ. ಆ ಅಧಿಕಾರಿ ಕ್ಷಮೆ ಕೇಳಿದರಾದರೂ, ಮುಂದೆ ಹೊಣೆಯ ಕೆಲಸವೊಂದೂ ಇವನ ಪಾಲಿಗೆ ಬರಲಿಲ್ಲ. ವರ್ಷ ಕಳೆದು ಬೇರೆ ಕಡೆ ಸೇರಿದ, ಸೇರುವಾಗಲೇ ಹೇಳಿದ. ಅಲ್ಲಿ ರಾತ್ರಿಯ ಸರದಿಯಿಂದ ಬಿಡುಗಡೆ ಕೊಟ್ಟರು. ಬದಲಿಗೆ ಅವನು ಮುಂಜಾನೆಯ ಸರದಿ ಹೊತ್ತ. ತೋಳಿಗೆ ಅಂಟಿಸಿಕೊಂಡ ಬಿಲ್ಲೆಯೊಂದು ಸಕ್ಕರೆಯ ಮಟ್ಟವನ್ನು ಕೆಲವು ನಿಮಿಷಗಳಿಗೊಮ್ಮೆ ಮೊಬೈಲಿಗೆ ತಿಳಿಸುತ್ತದೆ. ಅದು ಕೂಗಿದರೆ ಅವನು ಸಭೆಯ ನಡುವೆ ಎದ್ದುಹೋದರೂ ಯಾರೂ ಏಕೆಂದು ಕೇಳುವುದಿಲ್ಲ. ಆ ಬಿಲ್ಲೆಯ ಬೆಲೆ ಎಲ್ಲರ ಕೈಗೆಟುಕುವಂಥದಲ್ಲವೆಂಬುದೂ ನಿಜ.

ಕಾನೂನಿನ ಆಶ್ರಯವಿಲ್ಲವೇ ಎಂದು ನೀವು ಕೇಳಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಮಧುಮೇಹ ಆ ಪಟ್ಟಿಯಲ್ಲಿಲ್ಲ. ಆದುದರಿಂದ ಇವನಂಥವರು ಬಹುಮಟ್ಟಿಗೆ ಸುತ್ತಲಿನವರ ತಿಳಿವಳಿಕೆಯನ್ನೇ ನಂಬಿರಬೇಕಾಗಿದೆ. ಆ ತಿಳಿವಳಿಕೆಯಾದರೂ ಮಾತಿನಿಂದ ಬರತಕ್ಕದ್ದು. ಆದರೆ ಹೇಳಿಕೊಂಡವನಿಗೆ ಮೊದಲ ಕಂಪನಿಯಲ್ಲಿ ಏನಾಯಿತೆಂಬುದನ್ನು ಮರೆಯಬಾರದು. ಹೇಳುವವನಿಗೆ ಧೈರ್ಯ ಬೇಕು. ಕೇಳುವವನಿಗೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಬೇಕು. ಹದಿನೈದು ವರ್ಷಗಳ ಹಿಂದೆ ನನಗೆ ಆ ಯೋಗ್ಯತೆ ಇರಲಿಲ್ಲ. ಹಾಳೆ ಏಕೆ ಖಾಲಿ ಇದೆಯೆಂದು ನಾನು ಗದರಿಸಿದೆ, ಕೇಳಲಿಲ್ಲ.

ಒಂದು ಮಾತನ್ನು ನೀವು ನೆನಪಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಬೆವರಿ, ನಡುಗಿ, ತೊದಲಿದರೆ, ನುಂಗುವ ಸ್ಥಿತಿಯಲ್ಲಿದ್ದರೆ ಒಡನೆ ಸಕ್ಕರೆ ನೀರನ್ನೋ ಹಣ್ಣಿನ ರಸವನ್ನೋ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಈ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ, ಮೈಯ ಸ್ಥಿತಿಯ ಬಗೆಗೆ ನನಗೆ ತಿಳಿಸುವುದೇನಾದರೂ ಇದ್ದರೆ ಒಬ್ಬರೇ ಬಂದು ಹೇಳಬಹುದೆಂದು ಮಕ್ಕಳಿಗೆ ಹೇಳಿದೆ. ಇಬ್ಬರು ಬಂದರು. ಗಾದೆಯನ್ನು ನಾನು ಈಗಲೂ ವಿಸ್ತರಣೆಗೆ ಕೊಡುತ್ತೇನೆ. ಅದರ ಮೊದಲ ಅರ್ಧಕ್ಕೆ ಅಪವಾದ ಉಂಟೆಂದು ಬರೆದವರಿಗೂ ಪೂರ್ಣ ಅಂಕ ಕೊಡುತ್ತೇನೆ.