ಐರ್ಲೆಂಡಿಗೆ ಹೊರಟವರು ಮೊದಲು ಮಲ್ಪೆಗೆ

ಕಲ್ಯಾಣ ನಗರದ ಕಡೆಯ ಕೇಳುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಮಗನೋ ಮಗಳೋ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾರೆ, ಬೇಸಿಗೆಗೆ ಬನ್ನಿ, ಜೈಂಟ್ಸ್ ಕಾಸ್‌ವೇ ತೋರಿಸುತ್ತೇವೆ ಅನ್ನುತ್ತಾರೆ. ಅಷ್ಟು ಖರ್ಚು ಮಾಡಿ ಹೋಗಿ ಬರೀ ಕಲ್ಲು ನೋಡಿಕೊಂಡು ಬರುವುದೇ? ಮಂಡಿನೋವಿನವರು ಅದರ ಮೇಲೆ ನಡೆಯಬಹುದೇ? ವೀಸಾ ಒಂದು ಸಾಕೇ?

ಖಂಡಿತ ಹೋಗಬೇಕು. ಆದರೆ ಅದಕ್ಕೂ ಮೊದಲು ರಾತ್ರಿ ರೈಲು ಹತ್ತಿ ಉಡುಪಿಯಲ್ಲಿ ಇಳಿಯಬೇಕು. ಮಲ್ಪೆಯಿಂದ ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ ಸೇಂಟ್ ಮೇರೀಸ್ ದ್ವೀಪ, ಊರವರ ತೋನ್ಸೆಪಾರ್. ಅಲ್ಲಿ ನಿಂತಿರುವುದೂ ಕಾಸ್‌ವೇಯಲ್ಲಿರುವಂಥದೇ ಕಂಬಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನಮ್ಮ ಲಾಲ್‌ಬಾಗ್ ಬಂಡೆಗೂ ಆ ಗೌರವವಿದೆ.

ಈ ಭಾಷಣಕಾರ ಮಲ್ಪೆಯ ದೋಣಿಯಲ್ಲಿ ಕೂತಾಗಲೆಲ್ಲ ಪಕ್ಕದಲ್ಲಿ ಯಾರಾದರೊಬ್ಬರು ಮಕ್ಕಳಿಗೆ ಹೇಳುತ್ತಿರುತ್ತಾರೆ: ಇದು ಹರಳು, ಕಲ್ಲುಸಕ್ಕರೆ ಥರ ಬೆಳೆದದ್ದು. ಇನ್ನೊಬ್ಬರು, ಬಿಸಿ ಲಾವಾ ಸಮುದ್ರಕ್ಕೆ ಬಿದ್ದು ಚುರ್ ಅಂತ ಗಟ್ಟಿಯಾಯಿತು ಅನ್ನುತ್ತಾರೆ. ಎರಡೂ ತಪ್ಪು. ಮಕ್ಕಳ ತಲೆಗೆ ಒಮ್ಮೆ ಹೋದರೆ ಮತ್ತೆ ತೆಗೆಯುವುದು ಕಷ್ಟ.

ನಡೆದದ್ದೇ ಬೇರೆ. ದಪ್ಪಗೆ ಹರಡಿ ನಿಂತ ಲಾವಾ ಮೇಲಿನಿಂದಲೂ ತಳದಿಂದಲೂ ಮೊದಲು ಆರುತ್ತದೆ. ಆರಿದ ಪದರ ಕುಗ್ಗಬೇಕು, ಆದರೆ ಅದಕ್ಕೆ ಅಂಟಿಕೊಂಡ ಬಿಸಿ ಪದರ ಕುಗ್ಗಲು ಬಿಡುವುದಿಲ್ಲ. ಎಳೆತ ಹೆಚ್ಚಿ ಬಿರುಕು ಬಿಡುತ್ತದೆ. ಮೊದಲ ಬಿರುಕುಗಳು ಬತ್ತಿದ ಕೆರೆಯ ಅಂಗಳದಲ್ಲಿ ಕಾಣುವಂತೆ ಅಡ್ಡಾದಿಡ್ಡಿ. ಒಳಗಿನ ಬಂಡೆ ಆರುತ್ತ ಹೋದಂತೆ ಬಿರುಕು ಸ್ವಲ್ಪ ಸ್ವಲ್ಪವೇ ಒಳಕ್ಕೆ ಇಳಿಯುತ್ತದೆ, ಇಳಿಯುತ್ತ ದಾರಿ ತಿದ್ದಿಕೊಳ್ಳುತ್ತದೆ. ಕೊನೆಗೆ ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಏಕೆಂದರೆ ಕಡಿಮೆ ಬಿರುಕಿನಲ್ಲಿ ಹೆಚ್ಚು ಎಳೆತ ಸಡಿಲವಾಗುವುದು ಹಾಗೆ. ಅಂಥ ಮೂಲೆಗಳು ಸೇರಿದಾಗ ಆರು ಮುಖ.

ಇನ್ನೊಮ್ಮೆ ಹೇಳುವುದು ಒಳ್ಳೆಯದು: ಆರುವುದು, ಕುಗ್ಗುವುದು, ಬಿರಿಯುವುದು, ಬಿರುಕು ಇಳಿಯುವುದು. ಇಲ್ಲಿ ಕಂಬ ಬೆಳೆಯಲಿಲ್ಲ. ಒಂದೇ ಬಂಡೆ ಸೀಳಿ ಕಂಬಗಳಾಯಿತು. ಬೇಗ ಆರಿದಲ್ಲಿ ಸಪೂರ, ನಿಧಾನವಾಗಿ ಆರಿದಲ್ಲಿ ದಪ್ಪ. ನಂಬಿಕೆ ಬಾರದಿದ್ದರೆ ದ್ವೀಪದಲ್ಲಿ ಕೂತು ಮುಖಗಳನ್ನು ಎಣಿಸಬಹುದು. ಆರರ ಪಕ್ಕದಲ್ಲೇ ಐದು, ಏಳು ಸಿಗುತ್ತವೆ. ಹರಳಾಗಿದ್ದರೆ ಈ ಸ್ವಾತಂತ್ರ್ಯ ಇರುತ್ತಿರಲಿಲ್ಲ.

ಇದನ್ನು ತಿಳಿಯಲು ಐರ್ಲೆಂಡಿನವರಿಗೂ ಬಹಳ ಕಾಲ ಹಿಡಿಯಿತು. 1693ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಸ್‌ವೇಯ ಕಲ್ಲುಗಳ ಸುದ್ದಿ ಮುಟ್ಟಿದಾಗ, ಮನುಷ್ಯರು ಉಳಿ ಹಿಡಿದು ಕಡೆದದ್ದೇ ಎಂಬ ಚರ್ಚೆಯೇ ನಡೆಯಿತು. 1740ರ ಹೊತ್ತಿಗೆ ಸುಸಾನಾ ಡ್ರೂರಿ ಎಂಬ ಚಿತ್ರಗಾರ್ತಿ ಬರೆದ ಚಿತ್ರಗಳಿಂದ ಯುರೋಪಿನ ವಿದ್ವಾಂಸರು ಅಲ್ಲಿಗೆ ಹೋಗದೆಯೇ ಕಲ್ಲನ್ನು ಓದಿದರು. ಊರವರ ಕಥೆಯಲ್ಲಿ ಅದು ಫಿನ್ ಮಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ಹಾಕಿದ ದಾರಿ. ಆಚೆ ದಡದ ಸ್ಟಾಫಾ ದ್ವೀಪದಲ್ಲೂ ಇಂಥವೇ ಕಂಬಗಳಿರುವುದರಿಂದ ಕಥೆ ಹುಟ್ಟಿದ್ದು ಸಹಜ.

ವಯಸ್ಸಿನಲ್ಲಿ ಮಲ್ಪೆಯದೇ ಹಿರಿತನ. ಕಾಸ್‌ವೇಯ ಸುಮಾರು 40,000 ಬಸಾಲ್ಟ್ ಕಂಬಗಳು ಸರಿಸುಮಾರು 6 ಕೋಟಿ ವರ್ಷದವು. ಉತ್ತರ ಅಟ್ಲಾಂಟಿಕ್ ಬಾಯಿ ತೆರೆಯುತ್ತಿದ್ದ ಕಾಲದವು. ತೋನ್ಸೆಪಾರ್ ಸುಮಾರು 9 ಕೋಟಿ ವರ್ಷದ್ದು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಗುರುತು ಅದು. ದಖನ್ನಿನ ಲಾವಾ ಹರಿದದ್ದು ಅದಾದ ಮೇಲೆ ಎರಡು ಕೋಟಿ ವರ್ಷ ಕಳೆದು. ಹಾಗಿದ್ದೂ ಎರಡನ್ನೂ ಒಂದೇ ಎಂದು ಬರೆಯುವವರು ಇದ್ದಾರೆ.

ಹೊತ್ತು ಇದಕ್ಕೇ ಹೋಯಿತು, ಉಳಿದದ್ದನ್ನು ಬೇಗ ಹೇಳಬೇಕು. ಮಂಡಿನೋವಿನವರಿಗೆ ಕಾಸ್‌ವೇಯಲ್ಲಿ ಸಂದರ್ಶಕರ ಕೇಂದ್ರದಿಂದ ಕಲ್ಲಿನ ಹತ್ತಿರಕ್ಕೆ ಪುಟ್ಟ ಬಸ್ಸಿದೆ. ಅಲೆ ತಾಗಿ ಕಪ್ಪಾದ ಕಲ್ಲಿನ ಮೇಲೆ ಮಾತ್ರ ಯಾರೂ ಕಾಲಿಡಬಾರದು. ಒಣಗಿದಂತೆ ಕಂಡರೂ ಅದು ಜಾರುತ್ತದೆ. ಮಲ್ಪೆಯಲ್ಲೂ ಇದೇ ಮಾತು: ಫೋಟೋಕ್ಕೆಂದು ಬಂಡೆಯ ತುದಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಕಪ್ಪು ಕಂಡಲ್ಲಿ ನಿಲ್ಲಬೇಕು, ಮಕ್ಕಳ ಕೈ ಬಿಡಬಾರದು. ಬಿರುಕಿಗೆ ನಾಣ್ಯ ಸಿಕ್ಕಿಸುವ ಹುಚ್ಚೂ ಬೇಡ. ತುಕ್ಕು ಹಿಡಿದ ನಾಣ್ಯ ಉಬ್ಬಿ ಕಲ್ಲನ್ನೇ ಒಡೆಯುತ್ತದೆ. ಮಳೆಗಾಲದಲ್ಲಿ ಮಲ್ಪೆಯ ದೋಣಿ ಹೊರಡುವುದಿಲ್ಲ.

ಇನ್ನು ವೀಸಾ. ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಡಬ್ಲಿನ್‌ನಿಂದ ಹೊರಟ ಬಸ್ಸನ್ನು ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಹಾಗೆಂದು ಕಾನೂನು ಇಲ್ಲವೆಂದಲ್ಲ. ಅಲ್ಪಾವಧಿ ವೀಸಾದ ಮೇಲೆ ಬಿಐವಿಎಸ್ ಎಂಬ ನಮೂದು ಇದ್ದರೆ ಭಾರತೀಯರಿಗೆ ಎರಡೂ ಕಡೆ ಅದೇ ಸಾಕು, ಆದರೆ ವೀಸಾ ಕೊಟ್ಟ ದೇಶದಲ್ಲೇ ಮೊದಲು ಇಳಿಯಬೇಕು. ಆ ಅಕ್ಷರಗಳು ಇವೆಯೇ ಎಂದು ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನೋಡಿಕೊಳ್ಳಬೇಕು.