ಚಳಿಗಾಲದಲ್ಲಿ ಕೂಸಿನ ಮೈ

(ಆರ್‌ಪಿಸಿ ಲೇಔಟಿನಲ್ಲಿ ಅಕ್ಷರ ಕಲಿಯುವ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)





ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತು. ವಿಜಯನಗರದ ಮಾರ್ಕೆಟ್ಟಿಗೆ ಅವರೆಕಾಯಿ ಬಂತು. ಅಂದರೆ ಚಳಿ ಬಂತು ಅಂತ ಲೆಕ್ಕ. ಶಿವರಾತ್ರಿಗೆ ಶಿವಶಿವಾ ಅಂತ ಹೋಗೋ ತನಕ ಈ ಚಳಿ ನಮ್ಮ ಜೊತೆ ಇರುತ್ತದೆ.

ನಮ್ಮ ಬೆಂಗಳೂರು ಸಮುದ್ರಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅದಕ್ಕೇ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣತೆ 15-16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು. ಅಷ್ಟು ಚಳಿ ಈಗ ಬರುವುದಿಲ್ಲ. 15 ಡಿಗ್ರಿ ಚಳಿಗೆ ನಾವು ಒಂದು ಶಾಲು ಹೊದ್ದರೆ ಸಾಕು. ಆದರೆ ಮೂರು ಕಿಲೋ ತೂಕದ ಕೂಸಿಗೆ ಅಷ್ಟು ಸಾಲದು. ಶೀಟಿನ ಮನೆಯಲ್ಲಿ ಮಲಗುವ ಕೂಸಿಗಂತೂ ರಾತ್ರಿ ಚಳಿ ಇನ್ನೂ ಹೆಚ್ಚು.

ನಾನು ಡಾಕ್ಟರಲ್ಲ. ಶಾಲೆಯ ಟೀಚರು. ಮಕ್ಕಳ ಡಾಕ್ಟರುಗಳು ಹೇಳುವ ಮಾತನ್ನು ನಮ್ಮ ಮನೆಮಾತಿನಲ್ಲಿ ಹೇಳ್ತೀನಿ, ಕೇಳಿ.

ಕೂಸಿನ ಚರ್ಮ ಎಂಥದ್ದು?

ಚರ್ಮ ನಮ್ಮ ಮೈಗೆ ಗೋಡೆ ಇದ್ದ ಹಾಗೆ. ಒಳಗಿನ ನೀರು, ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಹೊರಗಿನ ರೋಗಾಣು ಒಳಗೆ ಬಾರದಂತೆಯೂ ತಡೆಯುತ್ತದೆ.

ಕೂಸಿನ ಗೋಡೆ ಇನ್ನೂ ಹಸಿ ಗೋಡೆ. ನಮ್ಮ ಚರ್ಮಕ್ಕಿಂತ ತೆಳು. ಚಳಿಗಾಲದ ಗಾಳಿ ಒಣ ಗಾಳಿ. ಅದು ಚರ್ಮದ ನೀರನ್ನು ಹೀರುತ್ತದೆ. ಆಗ ಮೈ ಒರಟಾಗುತ್ತದೆ. ಕೆನ್ನೆ, ತುಟಿ ಒಡೆಯುತ್ತದೆ. ಒಡೆದ ಜಾಗದಲ್ಲಿ ರೋಗಾಣು ಸೇರುತ್ತದೆ, ಕೀವಾಗುತ್ತದೆ.

ಒಂದು ಮಾತು. ಹುಟ್ಟಿದ ಒಂದೆರಡು ವಾರ ಕೂಸಿನ ಮೈಯಲ್ಲಿ ತೆಳುವಾಗಿ ಸಿಪ್ಪೆ ಏಳುತ್ತದೆ. ಅದು ಸಹಜ. ಹೆದರಬೇಡಿ. ಕೀಳಬೇಡಿ. ತಾನೇ ಹೋಗುತ್ತದೆ.

ನೀರು ಹಾಕೋದು ಹೇಗೆ?

ನಮ್ಮ ಕಡೆ ಕೂಸಿಗೆ ನೀರು ಹಾಕೋದು ಅಂದರೆ ದೊಡ್ಡ ಕೆಲಸ. ಅಜ್ಜಿ ಕಾಲು ನೀಡಿ ಕೂರುತ್ತಾರೆ. ಕಾಲ ಮೇಲೆ ಕೂಸನ್ನು ಮಲಗಿಸುತ್ತಾರೆ. ಹಂಡೆ ನೀರನ್ನು ಚೊಂಬು ಚೊಂಬಾಗಿ ಹಾಕುತ್ತಾರೆ. ಅಜ್ಜಿಯ ಕೈಯಲ್ಲಿ ಪ್ರೀತಿ ಇದೆ, ಅನುಭವ ಇದೆ. ಆ ಕಾಲ ಮೇಲೆ ಬೆಳೆದವರೇ ನಾವೆಲ್ಲ. ಆದರೆ ಚಳಿಗಾಲದಲ್ಲಿ ನಾಲ್ಕು ಬದಲಾವಣೆ ಬೇಕು.

ಮೊದಲನೆಯದು, ಹುಟ್ಟಿದ ದಿನ ಸ್ನಾನ ಬೇಡ. ಹುಟ್ಟಿದಾಗ ಕೂಸಿನ ಮೈಮೇಲೆ ಬೆಣ್ಣೆಯಂಥ ಬಿಳಿ ಪದರ ಇರುತ್ತದೆ. ಅದು ಕೊಳೆ ಅಲ್ಲ. ದೇವರು ಕೊಟ್ಟ ಕ್ರೀಮು. ಚರ್ಮವನ್ನು ಅದು ಕಾಯುತ್ತದೆ. ಉಜ್ಜಿ ತೆಗೆಯಬೇಡಿ. ಮೊದಲ ಸ್ನಾನಕ್ಕೆ ಕಡೇಪಕ್ಷ 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸು ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕೇಳಿಯೇ ಸ್ನಾನ ಮಾಡಿಸಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎರಡನೆಯದು, ದಿನಾ ನೀರು ಹಾಕಲೇಬೇಕು ಅಂತಿಲ್ಲ. ಚಳಿಯಲ್ಲಿ ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ಮುಖ, ಕುತ್ತಿಗೆ, ಕಂಕುಳು, ತೊಡೆಸಂದು ಒರೆಸಿ. ಹಾಲು ಇಳಿದು ನಿಲ್ಲುವ ಕುತ್ತಿಗೆಯ ಮಡಿಕೆಯನ್ನು ಮರೆಯಬೇಡಿ. ಬೆಳಗಿನ ಜಾವ ಬೇಡ. ಬಿಸಿಲೇರಿದ ಮೇಲೆ, 11 ಗಂಟೆಯ ಹೊತ್ತಿಗೆ ಮಾಡಿಸಿ. ಕಿಟಕಿ, ಬಾಗಿಲು ಮುಚ್ಚಿ. ಫ್ಯಾನು ಆರಿಸಿ. ಬಟ್ಟೆ, ಟವೆಲ್ ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. 5 ನಿಮಿಷದಲ್ಲಿ ಮುಗಿಸಿ.

ಮೂರನೆಯದು, ನೀರು ಉಗುರುಬೆಚ್ಚಗಿರಲಿ. ನಮ್ಮ ಅಂಗೈ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಗಟ್ಟಿಯಾಗಿರುತ್ತದೆ. ಅದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಮೊಣಕೈ ಅದ್ದಿ ನೋಡಿ. ಹಿತವಾಗಿದ್ದರೆ ಸರಿ. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಸುಡುನೀರು ಚರ್ಮದ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ. ಕೂಸಿನ ಮೈ ಬೇಗ ಬೇಯುತ್ತದೆ ಕೂಡ.

ನಾಲ್ಕನೆಯದು, ಉಜ್ಜಬೇಡಿ. ನೆನೆಸಿದ ಅವರೆಕಾಳನ್ನು ಹಿತುಕಿದ್ದೀರಲ್ಲ, ಎಷ್ಟು ಸುಲಭವಾಗಿ ಸಿಪ್ಪೆ ಜಾರುತ್ತದೆ! ಒದ್ದೆ ಚರ್ಮವೂ ಹಾಗೇ ಮೆತ್ತಗಾಗಿರುತ್ತದೆ. ಕಡಲೆಹಿಟ್ಟು, ಸೀಗೆಪುಡಿ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ. ಮೈಮೇಲಿನ ಎಳೆಗೂದಲು ಹೋಗಲಿ ಅಂತ ತಿಕ್ಕುತ್ತಾರೆ. ಅದು ತಾನೇ ಉದುರುತ್ತದೆ. ಕೂಸು ಬೆಳ್ಳಗಾಗಲಿ ಅಂತ ತಿಕ್ಕುತ್ತಾರೆ. ತಿಕ್ಕಿದರೆ ಬಣ್ಣ ಬದಲಾಗುವುದಿಲ್ಲ. ಯಾವ ಬಣ್ಣವಿದ್ದರೂ ನಮ್ಮ ಕೂಸು ನಮಗೆ ಚೆಂದ ಅಲ್ಲವೇ?

ಸೋಪು ಸ್ವಲ್ಪ ಸಾಕು. ಒರೆಸುವಾಗಲೂ ಮೆತ್ತನೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ.

ಎಣ್ಣೆ ಯಾವುದು? ಯಾವಾಗ?

ಸ್ನಾನ ಆಗಿ ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಿ. ಆಗ ಚರ್ಮದ ನೀರು ಒಳಗೇ ಉಳಿಯುತ್ತದೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಒಲೆ ಮೇಲೆ ಕಾಯಿಸಬೇಡಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ನಿಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಚ್ಚಿ. ಸೂರ್ಯಕಾಂತಿ ಎಣ್ಣೆಯೂ ಆಗಬಹುದು. ಸಾಸಿವೆ ಎಣ್ಣೆ ಬೇಡ. ಅದು ಎಳೆ ಚರ್ಮವನ್ನು ಕೆರಳಿಸುತ್ತದೆ.

ಕಿವಿ, ಮೂಗು, ಬಾಯಿಗೆ ಎಣ್ಣೆ ಬಿಡಬೇಡಿ. ಕೊಬ್ಬರಿ ಎಣ್ಣೆಯಾಗಲಿ, ಹರಳೆಣ್ಣೆಯಾಗಲಿ ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹೊಕ್ಕುಳಿಗೂ ಏನೂ ಹಚ್ಚಬೇಡಿ. ಒಣಗಿ ತಾನೇ ಬೀಳಲಿ. ಪೌಡರ್ ಕೂಡ ಬೇಡ. ಅದರ ಧೂಳು ಕೂಸಿನ ಉಸಿರಿಗೆ ಸೇರುತ್ತದೆ.

ಕೆಂಡ, ಹೊಗೆ, ಬಟ್ಟೆ

ಚಳಿ ಅಂತ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಾರೆ. ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದ ಹಾಗೇ ಸಾಯಬಹುದು. ಹೊಗೆಯಿಂದ ಕೂಸಿಗೆ ಕೆಮ್ಮು ಬರುತ್ತದೆ. ಕೆಂಡವೂ ಬೇಡ, ಹೊಗೆಯೂ ಬೇಡ.

ಮೈಗೆ ತಾಗುವಂತೆ ಹತ್ತಿಬಟ್ಟೆ ಹಾಕಿ. ಅದರ ಮೇಲೆ ಉಲ್ಲನ್. ಉಲ್ಲನ್ ನೇರವಾಗಿ ತಾಗಿದರೆ ನವೆ, ಗುಳ್ಳೆ ಬರುತ್ತದೆ. ಹಳೇ ಪಂಚೆ, ಹಳೇ ಸೀರೆ ಬಲು ಮೆತ್ತಗಿರುತ್ತದೆ. ಒಗೆದು ಬಿಸಿಲಿಗೆ ಒಣಗಿಸಿ ಬಳಸಿ. ಸೋಪಿನ ನೊರೆ ಪೂರ್ತಿ ಹೋಗಬೇಕು. ತಲೆಗೆ ಕುಲಾವಿ, ಕಾಲಿಗೆ ಸಾಕ್ಸ್ ಹಾಕಿ. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ. ಅದರಿಂದ ಚಳಿಯೂ ಆಗುತ್ತದೆ, ತೊಡೆಸಂದೂ ಕೆಂಪಾಗುತ್ತದೆ.

ಟ್ರಂಕಿನಲ್ಲಿಟ್ಟ ಉಲ್ಲನ್ನಿಗೆ ನುಸಿಗುಳಿಗೆ ಹಾಕಿರುತ್ತೀರಿ. ಅದರ ವಾಸನೆ ಇರುವ ಬಟ್ಟೆಯನ್ನು ಕೂಸಿಗೆ ಹಾಕಲೇಬೇಡಿ. ಕೆಲವು ಕೂಸುಗಳಿಗೆ ಅದರಿಂದ ರಕ್ತ ಒಡೆದು ಜೋರಾಗಿ ಕಾಮಾಲೆ ಬರುತ್ತದೆ. ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡುವುದೇ ಬೇಡ.

ಎಲ್ಲಕ್ಕಿಂತ ಒಳ್ಳೆಯ ಕಂಬಳಿ

ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ನಿಮ್ಮ ಎದೆ.

1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಒಂದು ಆಸ್ಪತ್ರೆಯಲ್ಲಿ ಸಣ್ಣ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದವು. ಅಲ್ಲಿನ ಡಾಕ್ಟರುಗಳು ಕೂಸನ್ನು ಬಟ್ಟೆ ಇಲ್ಲದೆ ತಾಯಿಯ ಎದೆಗೆ ಅಂಟಿಸಿ ಕಟ್ಟಿದರು. ಕೂಸುಗಳು ಬೆಚ್ಚಗಿದ್ದವು, ಬೆಳೆದವು. ಚೀಲದಲ್ಲಿ ಮರಿ ಹೊತ್ತ ಕಾಂಗರೂ ಹಾಗೆ. ಅದಕ್ಕೇ ಇದಕ್ಕೆ ಕಾಂಗರೂ ಆರೈಕೆ ಅಂತ ಹೆಸರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವ ಕೆಲಸ ನಡೆದಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನದ ಫಲ 2021ರಲ್ಲಿ ಪ್ರಕಟವಾಯಿತು. ತೀರಾ ಕಡಿಮೆ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಹೀಗೆ ಎದೆಗಿಟ್ಟುಕೊಂಡಾಗ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು.

ನೀವೂ ಮಾಡಬಹುದು. ಕೂಸಿಗೆ ಕುಲಾವಿ, ಲಂಗೋಟಿ ಮಾತ್ರ ಇರಲಿ. ರವಿಕೆಯೊಳಗೆ ಎದೆಗೆ ಎದೆ ತಾಗುವಂತೆ ಇಟ್ಟುಕೊಳ್ಳಿ. ಕೂಸಿನ ಮುಖ ಒಂದು ಪಕ್ಕಕ್ಕಿರಲಿ, ಮೂಗು ಮುಚ್ಚದಿರಲಿ. ಮೇಲೆ ಶಾಲು ಹೊದೆಯಿರಿ. ನೀವು ದಣಿದರೆ ಅಪ್ಪನೂ ಇಟ್ಟುಕೊಳ್ಳಬಹುದು, ಅಜ್ಜಿಯೂ ಇಟ್ಟುಕೊಳ್ಳಬಹುದು. ಬೇಕುಬೇಕೆಂದಾಗ ಎದೆಹಾಲು ಕೊಡಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ತಂಗಿಯರು ಇಲ್ಲಿ ಬಹಳ ಮಂದಿ ಇದ್ದೀರಿ. ಕೂಸನ್ನು ಎತ್ತಿಕೊಂಡೇ ಹೋಗಬೇಕಾದರೆ ತಲೆ, ಕಿವಿ ಮುಚ್ಚಿ, ಮೈಗೆ ಅಪ್ಪಿಕೊಂಡು ಹೋಗಿ. ಹೋಗುವ ಮುಂಚೆ ಕೆನ್ನೆಗೆ ಸ್ವಲ್ಪ ಎಣ್ಣೆ ಸವರಿ.

ಕೈಯಿಂದ ಮುಟ್ಟಿ ತಿಳಿಯಿರಿ

ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಕೂಸಿನ ಹೊಟ್ಟೆ ಮುಟ್ಟಿ. ಅಂಗಾಲು ಮುಟ್ಟಿ.

ಎರಡೂ ಬೆಚ್ಚಗಿದ್ದರೆ ಕೂಸು ಚೆನ್ನಾಗಿದೆ.

ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿಯಾಗಿದೆ. ಕೂಡಲೇ ಎದೆಗೆ ಇಟ್ಟುಕೊಳ್ಳಿ.

ಎರಡೂ ತಣ್ಣಗಿದ್ದರೆ ಅಪಾಯ. ಕೂಸನ್ನು ಎದೆಗಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ.

ಕೂಸು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ಉಸಿರು ಜೋರಾಗಿದ್ದರೆ, ಮೈ ಸುಡುತ್ತಿದ್ದರೆ, ಕೀವುಗುಳ್ಳೆ ಎದ್ದರೆ, ಹೊಕ್ಕುಳ ಸುತ್ತ ಕೆಂಪಾದರೆ ಕೂಡ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಕೋಟೆ ಹತ್ತಿರ ವಾಣಿವಿಲಾಸ ಆಸ್ಪತ್ರೆ ಇದೆ. ನಿಮ್ಹಾನ್ಸ್ ಪಕ್ಕದಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಎರಡೂ ಸರ್ಕಾರದ್ದೇ.

ಕಲಿತ ಅಕ್ಷರ ಕೂಸಿಗೆ ಬರಲಿ

ಈಗ ನಿಮಗೆ ಓದಲು ಬರುತ್ತದೆ. ತಾಯಿ ಕಾರ್ಡ್ ತೆಗೆಯಿರಿ. ಹುಟ್ಟಿದಾಗಿನ ತೂಕ ಎಷ್ಟು ಅಂತ ನೀವೇ ನೋಡಿ. 2.5 ಕಿಲೋಗಿಂತ ಕಡಿಮೆ ಇದ್ದರೆ ಚಳಿಗೆ ಎರಡರಷ್ಟು ಎಚ್ಚರ ಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಆ ಅಂಕಿ ತೋರಿಸಿ ಕೇಳಿ.

ಎಣ್ಣೆ, ಕ್ರೀಮು ಕೊಳ್ಳುವಾಗ ತಾರೀಖು ಓದಿ. ಮುಲಾಮಿನ ಟ್ಯೂಬಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಪಕ್ಕದ ಮನೆಯವರಿಗೆ ವಾಸಿಯಾಯ್ತು ಅಂತ ಕೂಸಿಗೆ ಹಚ್ಚಬೇಡಿ. ಸ್ಟೀರಾಯ್ಡ್ ಇರುವ ಮುಲಾಮನ್ನು ಸುಮ್ಮಸುಮ್ಮನೆ ಹಚ್ಚಿದರೆ ಎಳೆ ಚರ್ಮ ಇನ್ನೂ ತೆಳುವಾಗುತ್ತದೆ.

"ಇದೆಲ್ಲ ನಮ್ಮತ್ತೆ ಒಪ್ಪಬೇಕಲ್ಲ ಟೀಚರ್" ಅಂತ ನೀವು ಕೇಳ್ತೀರಿ. ಜಗಳ ಬೇಡ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. "ಅತ್ತೆ, ನೀವೇ ನೀರು ಹಾಕಿ. ಆದರೆ ಹಿಟ್ಟು ತಿಕ್ಕೋದು ಬೇಡ, ಎಣ್ಣೆ ಮಾತ್ರ ಹಚ್ಚೋಣ" ಅನ್ನಿ. ಈ ಪುಸ್ತಕ ಓದಿ ಹೇಳಿ. ಅಜ್ಜಿಯರಿಗೂ ನನ್ನ ಮನವಿ ಇದೆ. ನಿಮ್ಮ ಕಾಲದಲ್ಲಿ ಇದ್ದದ್ದರಲ್ಲಿ ಎಷ್ಟೋ ಒಳ್ಳೆಯದು. ಮೆತ್ತನೆ ಹಳೇ ಬಟ್ಟೆ ಒಳ್ಳೆಯದು. ಕೊಬ್ಬರಿ ಎಣ್ಣೆ ಒಳ್ಳೆಯದು. ನಿಮ್ಮ ಮಡಿಲು ಎಲ್ಲಕ್ಕಿಂತ ಒಳ್ಳೆಯದು. ಅವನ್ನು ಉಳಿಸಿಕೊಳ್ಳೋಣ. ಸುಡುನೀರು, ತಿಕ್ಕಾಟ, ಕೆಂಡ ಬಿಡೋಣ.

ಹಲಗೆಯ ಮೇಲೆ ಐದು ಸಾಲು ಬರೆದಿದ್ದೇನೆ. ಎಲ್ಲರೂ ಒಟ್ಟಿಗೆ ಓದೋಣ.

ನೀರು ಕಡಿಮೆ ಹಾಕೋಣ.
ಮೈ ತಿಕ್ಕುವುದು ಬಿಡೋಣ.
ಎಣ್ಣೆ ತೆಳುವಾಗಿ ಹಚ್ಚೋಣ.
ಕೂಸನ್ನು ಎದೆಗೆ ಅಪ್ಪೋಣ.
ಹೊಟ್ಟೆ, ಅಂಗಾಲು ಮುಟ್ಟಿ ನೋಡೋಣ.

ಇನ್ನೊಮ್ಮೆ ಓದಿ. ಮನೆಗೆ ಹೋಗಿ ಬರೆದು ಗೋಡೆಗೆ ಅಂಟಿಸಿ.