ಹಿಮದ ನಡುವೆ ಒಂದು ಒಲೆ

ಗಾಳಿ ಹೊಡೆದು ಹೊತ್ತಿಸುವ ಸೀಮೆಎಣ್ಣೆಯ ಸ್ಟವ್ ನಮ್ಮ ಹಿಂದಿನ ತಲೆಮಾರಿನ ಅಡುಗೆಮನೆಗಳಿಗೆ ಚಿರಪರಿಚಿತ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಒಲೆ ಆ ಬಳಗದ ಹಿರಿಯ. ಅದಕ್ಕೆ ಬತ್ತಿಯಿಲ್ಲ. ಒತ್ತಡದಿಂದ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ ನೀಲಿ ಜ್ವಾಲೆಯಾಗುತ್ತದೆ. ಹಿಮಯಾತ್ರಿಕರಿಗೆ ಇದು ಅನ್ನಕ್ಕಿಂತ ಮೊದಲು ನೀರನ್ನು ಕೊಡುವ ಸಾಧನ. ಹಿಮ ಕರಗಿದರಷ್ಟೇ ಅಲ್ಲಿ ಬಾಯಾರಿಕೆ ತೀರೀತು.

ದಕ್ಷಿಣ ಧ್ರುವವನ್ನು ಅಮುಂಡ್ಸೆನ್ 1911ರ ಡಿಸೆಂಬರ್ 14ರಂದು, ಸ್ಕಾಟ್ 1912ರ ಜನವರಿ 17ರಂದು ತಲುಪಿದರು. ಇಬ್ಬರ ಬಳಿಯೂ ಇದ್ದದ್ದು ಪ್ರೈಮಸ್ ಒಲೆಯೇ. ಅಮುಂಡ್ಸೆನ್ ಎಣ್ಣೆಯ ಡಬ್ಬಗಳಿಗೆ ಬೆಸುಗೆ ಹಾಕಿಸಿದ್ದರು. ಸ್ಕಾಟರ ಡಬ್ಬಗಳ ಬಿರಡೆಗಳಲ್ಲಿದ್ದುದು ತೊಗಲಿನ ವಾಷರು. ಮರಳುವ ದಾರಿಯ ದಾಸ್ತಾನುಗಳಲ್ಲಿ ಡಬ್ಬಗಳೇನೋ ಸಿಕ್ಕವು. ಒಳಗಿನ ಎಣ್ಣೆ ಇಳಿದುಹೋಗಿತ್ತು. ಆ ವಾಷರುಗಳ ಸಂದಿನಿಂದ ಎಣ್ಣೆ ಆವಿಯಾಗಿರಬೇಕೆಂದು ಬಲ್ಲವರ ಅಭಿಪ್ರಾಯ. ಚಳಿ, ಹಸಿವು, ಬಳಲಿಕೆಗಳ ಜೊತೆಗೆ ಈ ಕೊರತೆಯೂ ಸೇರಿತು. ಆ ಐವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ.

ಹಿಮಾಲಯದ ಚಾರಣಕ್ಕೆ ಹೊರಡುವ ನಮ್ಮ ತರುಣರು ಇದನ್ನು ನೆನೆಯಬೇಕು. ಹಗುರವೆಂದು ಕೊಳ್ಳುವ ಅನಿಲದ ಡಬ್ಬಿಯಲ್ಲಿ ಬರಿಯ ಬ್ಯೂಟೇನ್ ಇದ್ದರೆ, ಸೊನ್ನೆ ಡಿಗ್ರಿಯ ಚಳಿಯಲ್ಲಿ ಅದು ಆವಿಯಾಗದೆ ಒಲೆ ಮಂಕಾಗುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುವುದರಿಂದ ಅದು ಬೆರೆತ ಡಬ್ಬಿ ಲೇಸು. ಕಡುಚಳಿಗೆ ಸೀಮೆಎಣ್ಣೆಯ ಒಲೆ ಇನ್ನೂ ನಂಬಿಕಸ್ತ. ಆದರೆ ಹೊತ್ತಿಸುವ ಮುನ್ನ ಅದನ್ನು ಕಾಯಿಸುವ ತಾಳ್ಮೆ ಬೇಕು. ಮುಚ್ಚಿದ ಡೇರೆಯೊಳಗೆ ಮಾತ್ರ ಯಾವ ಒಲೆಯನ್ನೂ ಉರಿಸಬಾರದು. ಅಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಹೊರಡುವ ಮುನ್ನ ಮನೆಯಂಗಳದಲ್ಲಿ ಒಮ್ಮೆ ಒಲೆ ಹೊತ್ತಿಸಿ, ನೀರು ಕಾಯಿಸಿ, ಬಿರಡೆಯ ವಾಷರನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.